ಕೇಳಿದರೆ ಹೇಳುವ ಗುಣ

ನಮ್ಮ ಬದುಕಿನ ಬಹುಪಾಲು ಇಂದು ಮಾತಿಲ್ಲದ ಯಂತ್ರಗಳ ಭರವಸೆಯ ಮೇಲೆ ಸಾಗುತ್ತಿದೆ. ಮನೆಯ ವಿದ್ಯುತ್ ಮೀಟರು, ಆಸ್ಪತ್ರೆಯ ಇನ್‌ಫ್ಯೂಷನ್ ಪಂಪು, ಲಿಫ್ಟಿನ ನಿಯಂತ್ರಕ, ಕಾರಿನ ಬ್ರೇಕು, ಲಸಿಕೆ ಕಾಪಾಡುವ ಫ್ರಿಜ್ಜು ಮೊದಲಾದವುಗಳ ಒಳಗೆ ಉಗುರಗಲದ ಚಿಪ್ಪೊಂದು ಹಗಲಿರುಳು ದುಡಿಯುತ್ತಿರುತ್ತದೆ. ಇಂಥ ಎಷ್ಟೋ ಚಿಪ್ಪುಗಳನ್ನು ನಡೆಸುವುದು ಒಂದು ರಿಯಲ್‌ಟೈಮ್ ಆಪರೇಟಿಂಗ್ ಸಿಸ್ಟಮ್. ಬಹಳಷ್ಟಕ್ಕೆ ಪರದೆಯಿಲ್ಲ, ಕೀಬೋರ್ಡಿಲ್ಲ, ತಮ್ಮ ಸುಖದುಃಖ ಹೇಳಿಕೊಳ್ಳುವ ದಾರಿಯಿಲ್ಲ. ಹೊತ್ತಿಗೆ ಸರಿಯಾಗಿ ಒಪ್ಪಿಸಿದ ಕೆಲಸ ಮುಗಿಸುವುದಷ್ಟೇ ಅವುಗಳ ವ್ರತ. ಅವು ಸರಿಯಾಗಿವೆಯೆಂದು ನಾವು ನಂಬಿಕೊಂಡಿದ್ದೇವೆ. ಈ ನಂಬಿಕೆಗೆ ಆಧಾರವೇನು? ಇಲ್ಲಿಯವರೆಗೆ ಕೆಡಲಿಲ್ಲವಲ್ಲ ಎಂಬುದೊಂದೇ ಆಧಾರವಾದರೆ, ಅದನ್ನು ನಂಬಿಕೆ ಎನ್ನೋಣವೇ, ಬರಿಯ ರೂಢಿ ಎನ್ನೋಣವೇ?

ಯಂತ್ರ ಕಟ್ಟುವವರಿಗೆ ಈ ಪ್ರಶ್ನೆ ಹೊಸದಲ್ಲ. ಅವರು ಕಂಡುಕೊಂಡ ಉತ್ತರಗಳಲ್ಲಿ ಒಂದು ಶೆಲ್. ಸೀರಿಯಲ್ ಕೇಬಲ್ಲೊಂದನ್ನು ಬೋರ್ಡಿಗೆ ಸಿಕ್ಕಿಸಿ, ಲ್ಯಾಪ್‌ಟಾಪಿನಲ್ಲಿ ಟರ್ಮಿನಲ್ ತೆರೆದು ಎಂಟರ್ ಒತ್ತಿದರೆ, ಅಲ್ಲಿಯತನಕ ಮೂಕವಾಗಿದ್ದ ಚಿಪ್ಪು ಪ್ರಾಂಪ್ಟ್ ತೋರಿಸಿ ನಮ್ಮ ಮಾತಿಗೆ ಕಾಯುತ್ತದೆ. ಜೆಫಿರ್, ನಟ್‌ಎಕ್ಸ್, ಆರ್‌ಟಿ-ಥ್ರೆಡ್, ಫ್ರೀಆರ್‌ಟಿಓಎಸ್, ಈ ರಿಯಲ್‌ಟೈಮ್ ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಯಾವುದನ್ನು ತೆಗೆದುಕೊಂಡರೂ ಇಂಥದೊಂದು ಏರ್ಪಾಡು ಸಿಗುತ್ತದೆ. ಅದಕ್ಕೆ ನಮ್ಮದೇ ಕಮಾಂಡುಗಳನ್ನು ಸೇರಿಸುವ ದಾರಿಯೂ ಸಿಗುತ್ತದೆ. ಎಂಜಿನಿಯರುಗಳ ಲೆಕ್ಕದಲ್ಲಿ ಇದು ಸಣ್ಣ ಕೆಲಸ: ಒಂದು ಫಂಕ್ಷನ್, ಒಂದು ಹೆಸರು, ಒಂದು ಸಾಲಿನ ವಿವರಣೆ. ಆದರೆ ಈ ಸಣ್ಣ ಕೆಲಸದ ಹಿಂದೆ ಒಂದು ನಿಲುವಿದೆ. ನಾನು ಕಟ್ಟಿದ್ದು, ಕೇಳಿದವರಿಗೆ ಉತ್ತರ ಕೊಡುವಂತಿರಬೇಕು ಎಂಬ ನಿಲುವು ಅದು. ಆ ನಿಲುವು ನಮ್ಮಿಂದ ಏನೇನನ್ನು ಬೇಡುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಜೆಫಿರ್‌ನ ಶೆಲ್ಲಿನಲ್ಲಿ ಮೊದಲಿನಿಂದಲೂ ಕೆಲವು ಕಮಾಂಡುಗಳಿವೆ. ಎಷ್ಟು ಹೊತ್ತಿನಿಂದ ಓಡುತ್ತಿದ್ದೀಯೆ ಎಂದು ಕೇಳಬಹುದು. ಬೇರೆ ಬೇರೆ ಕೆಲಸ ನಡೆಸುವ ಯಾವ ಯಾವ ಥ್ರೆಡ್‌ಗಳಿವೆ, ಯಾವುದರ ಸ್ಟ್ಯಾಕ್ ಎಂಬ ಮೆಮೊರಿಯ ಜಾಗ ಎಷ್ಟು ತುಂಬಿದೆ, ಯಾವ ಡಿವೈಸ್ ಸಿದ್ಧವಿದೆ ಎಂದು ವಿಚಾರಿಸಬಹುದು. ಇವು ಯಾವ ಯಂತ್ರಕ್ಕೂ ಸಲ್ಲುವ ಪ್ರಶ್ನೆಗಳು. ಈಗ ಲಸಿಕೆಯ ಫ್ರಿಜ್ಜಿನ ನಿಯಂತ್ರಕವನ್ನು ನೆನೆಯೋಣ. ಹೆಚ್ಚಿನ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ಎಲ್ಲ ಥ್ರೆಡ್‌ಗಳೂ ಚೆನ್ನಾಗಿ ಓಡುತ್ತಿದ್ದು, ಸ್ಟ್ಯಾಕ್‌ಗಳೆಲ್ಲ ಅರ್ಧ ಖಾಲಿಯಿದ್ದು, ಒಳಗಿನ ಲಸಿಕೆ ಮಾತ್ರ ಕೆಟ್ಟುಹೋಗಿರುವುದು ಸಾಧ್ಯವಿಲ್ಲವೇ? ಸಾಧ್ಯ. ಏಕೆಂದರೆ ಆ ಸಾಮಾನ್ಯ ಕಮಾಂಡುಗಳು ಕೇಳುವುದು ‘ಜೀವ ಇದೆಯೇ’ ಎಂದು. ‘ಯಾವುದಕ್ಕಾಗಿ ಇದ್ದೀಯೋ ಅದು ನಡೆಯುತ್ತಿದೆಯೇ’ ಎಂದು ಕೇಳುವ ಕಮಾಂಡನ್ನು ಆಪರೇಟಿಂಗ್ ಸಿಸ್ಟಮ್ ಬರೆದವರು ಕೊಡಲಾರರು. ಫ್ರಿಜ್ಜಿನ ಧರ್ಮ ಏನೆಂದು ಬಲ್ಲವರು ಫ್ರಿಜ್ಜು ಕಟ್ಟಿದವರು ಮಾತ್ರ. ಆ ಕಮಾಂಡನ್ನು ಅವರೇ ಬರೆಯಬೇಕು.

ಮನುಷ್ಯರ ವಿಚಾರದಲ್ಲೂ ಇದು ಹೀಗೆಯೇ ಅಲ್ಲವೇ? ಕುಶಲವೇ ಎಂದು ಎಲ್ಲರೂ ಎಲ್ಲರನ್ನೂ ಕೇಳುತ್ತೇವೆ. ಉತ್ತರವೂ ಒಂದೇ ಬಗೆಯದು. ಆದರೆ ನಾವು ಯಾವ ಕೆಲಸಕ್ಕೆಂದು ಹೊರಟೆವೋ ಆ ಕೆಲಸ ಎಲ್ಲಿಗೆ ಬಂತು ಎಂದು ಕೇಳಬಲ್ಲವರು ಕೆಲವರೇ. ಆ ಪ್ರಶ್ನೆಯನ್ನು ನಾವೇ ರೂಪಿಸಿ ನಮ್ಮ ಪಕ್ಕದಲ್ಲಿ ಇಟ್ಟುಕೊಳ್ಳದಿದ್ದರೆ, ಕುಶಲದ ಉತ್ತರದಲ್ಲೇ ವರ್ಷಗಳು ಕಳೆದುಹೋಗುತ್ತವೆ.

ಪ್ರಶ್ನೆ ರೂಪಿಸುವುದು ಸುಲಭವಲ್ಲ. ಫ್ರಿಜ್ಜಿಗೊಂದು ಸ್ಥಿತಿ ಹೇಳುವ ಕಮಾಂಡು ಬರೆಯಲು ಕುಳಿತೆವೆನ್ನೋಣ. ‘ತಾಪ 5.3 ಡಿಗ್ರಿ’ ಎಂದು ಅದು ಉತ್ತರಿಸಿದರೆ ಸಾಕೆ? ಆ 5.3 ಯಾವಾಗಿನದು? ಸೆನ್ಸರಿನ ತಂತಿ ನಿನ್ನೆಯೇ ಕಡಿದಿದ್ದು, ಮೆಮೊರಿಯಲ್ಲಿ ಉಳಿದ ಕೊನೆಯ ಅಂಕಿಯನ್ನೇ ಕಮಾಂಡು ಓದಿ ಹೇಳುತ್ತಿರಬಹುದು. ಹಾಗಾದರೆ ಅಂಕಿಯ ಜೊತೆಗೆ ಅದರ ವಯಸ್ಸನ್ನೂ ಹೇಳಬೇಕು: ‘5.3 ಡಿಗ್ರಿ, ಎರಡು ಸೆಕೆಂಡ್ ಹಿಂದೆ ಅಳೆದದ್ದು’. ಈಗ ಸರಿಯಿದ್ದರೂ ರಾತ್ರಿ ಕರೆಂಟು ಹೋದಾಗ ಏನಾಯಿತು? ಹಾಗಾದರೆ 8 ಡಿಗ್ರಿ ಮೀರಿ ಎಷ್ಟು ನಿಮಿಷ ಕಳೆಯಿತೆಂಬುದೂ ಬೇಕು. ಬಾಗಿಲು ಕೊನೆಯ ಸಲ ಯಾವಾಗ ತೆರೆಯಿತು, ಕಂಪ್ರೆಸರ್ ಎಷ್ಟು ಸಲ ಶುರುವಾಯಿತು ಎಂಬುದೂ ಬೇಕು. ಒಂದು ಕಮಾಂಡು ಬರೆಯಲು ಹೊರಟವರು ಹೀಗೆ ಯಂತ್ರದ ಇಡೀ ಹೊಣೆಯನ್ನು ಮತ್ತೊಮ್ಮೆ ಮನಸ್ಸಿನಲ್ಲಿ ನಡೆದು ನೋಡಬೇಕಾಗುತ್ತದೆ. ಎಷ್ಟೋ ಸಲ, ಹೇಳಬೇಕಾದ ಉತ್ತರವನ್ನು ಯಂತ್ರ ನೆನಪಿಟ್ಟುಕೊಂಡೇ ಇಲ್ಲವೆಂದು ತಿಳಿಯುವುದು ಆಗಲೇ. ಕೇಳಬಹುದಾದ ಪ್ರಶ್ನೆಯನ್ನು ಮೊದಲೇ ಯೋಚಿಸಿದವರ ಕೆಲಸದ ಗುಣವೇ ಬೇರೆ. ಉತ್ತರ ಕೊಡಬೇಕೆಂಬ ಅರಿವು ಕೆಲಸ ಮುಗಿದ ಮೇಲೆ ಬರುವಂಥದಲ್ಲ; ಅದು ಕೆಲಸ ಮಾಡುವಾಗಲೇ ಕೈಯನ್ನು ತಿದ್ದುತ್ತಿರುತ್ತದೆ.

ಕಮಾಂಡನ್ನು ಶೆಲ್ಲಿಗೆ ಸೇರಿಸುವ ಬಗೆಯಲ್ಲೂ ಒಂದು ಚೆಲುವಿದೆ. ಎಲ್ಲ ಕಮಾಂಡುಗಳ ಹೆಸರನ್ನೂ ಒಂದೇ ಕಡೆ ದೊಡ್ಡ ಪಟ್ಟಿಯಾಗಿ ಬರೆದಿಡುವುದು ಹಳೆಯ ಕ್ರಮ. ಹೊಸದು ಬಂದಾಗಲೆಲ್ಲ ಆ ಪಟ್ಟಿಯನ್ನು ಮುಟ್ಟಬೇಕು, ತಿದ್ದಬೇಕು. ಆರ್‌ಟಿ-ಥ್ರೆಡ್ ಮತ್ತು ಜೆಫಿರ್ ಹಿಡಿದ ದಾರಿ ಬೇರೆ. ಸೆನ್ಸರಿನ ಕೋಡ್ ಬರೆದವರು ಅದೇ ಫೈಲಿನ ಕೊನೆಯಲ್ಲಿ ಒಂದು ಮ್ಯಾಕ್ರೊ ಬರೆದು ತಮ್ಮ ಕಮಾಂಡಿನ ಹೆಸರು, ವಿವರಣೆ, ಫಂಕ್ಷನ್ ಮೂರನ್ನೂ ಘೋಷಿಸುತ್ತಾರೆ. ಪ್ರೋಗ್ರಾಮಿನ ಬಿಡಿ ಭಾಗಗಳನ್ನು ಜೋಡಿಸುವ ಲಿಂಕರ್, ಅಲ್ಲಲ್ಲಿ ಚದುರಿದ ಈ ಘೋಷಣೆಗಳನ್ನೆಲ್ಲ ಮೆಮೊರಿಯ ಒಂದೇ ವಿಭಾಗದಲ್ಲಿ ಸಾಲಾಗಿ ಕೂರಿಸುತ್ತದೆ. ಶೆಲ್ ಎದ್ದಾಗ ಆ ಸಾಲನ್ನು ನೋಡಿ ತನ್ನ ಬಳಿ ಏನೇನಿದೆಯೆಂದು ತಿಳಿಯುತ್ತದೆ. ಮಧ್ಯದಲ್ಲಿ ಕುಳಿತು ಎಲ್ಲರ ಪರವಾಗಿ ಮಾತಾಡುವವರು ಬೇಕಿಲ್ಲ. ಬಾಗಿಲಿನ ವಿಷಯವನ್ನು ಬಾಗಿಲಿನ ಕೋಡೇ ಹೇಳುತ್ತದೆ, ಕಂಪ್ರೆಸರಿನದನ್ನು ಕಂಪ್ರೆಸರಿನ ಕೋಡೇ ಹೇಳುತ್ತದೆ. ಅರಿವು ಎಲ್ಲಿದೆಯೋ ಉತ್ತರದ ಹೊಣೆಯೂ ಅಲ್ಲಿಯೇ ಇರಬೇಕೆಂಬ ನೀತಿ ಇದು. ಸಂಸ್ಥೆಗಳು ಬೆಳೆದಂತೆಲ್ಲ ಕೆಲಸ ಬಲ್ಲವರೊಬ್ಬರು, ಉತ್ತರ ಹೇಳುವವರೊಬ್ಬರು ಎಂದಾಗುವುದನ್ನು ನಾವು ನೋಡುತ್ತಲೇ ಇದ್ದೇವೆ. ಹಾಗೆ ಆದ ಕಡೆ ಉತ್ತರ ನಯವಾಗುತ್ತದೆ, ಆದರೆ ನಿಜದಿಂದ ಒಂದು ಹೆಜ್ಜೆ ದೂರ ಸರಿಯುತ್ತದೆ.

ಆದರೆ ಉತ್ತರ ಕೊಡುವುದೊಂದೇ ಧರ್ಮವಾದರೆ ಕೆಲಸದ ಗತಿಯೇನು? ರಿಯಲ್‌ಟೈಮ್ ಯಂತ್ರಕ್ಕೆ ಕಾಲವೇ ಜೀವ. ಸರಿಯಾದ ಕೆಲಸ ತಡವಾಗಿ ಆದರೆ ಅದು ತಪ್ಪು ಕೆಲಸವೇ. ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. ಸೀರಿಯಲ್ ಪೋರ್ಟು ಸಾಮಾನ್ಯವಾಗಿ ಸೆಕೆಂಡಿಗೆ 115200 ಬಿಟ್ ವೇಗದಲ್ಲಿ ಓಡುತ್ತದೆ. ಆರಂಭ, ಅಂತ್ಯದ ಗುರುತು ಸೇರಿ ಒಂದು ಅಕ್ಷರಕ್ಕೆ 10 ಬಿಟ್. ಅಂದರೆ ಅಕ್ಷರವೊಂದಕ್ಕೆ ಸುಮಾರು 87 ಮೈಕ್ರೊಸೆಕೆಂಡ್, 80 ಅಕ್ಷರದ ಒಂದು ಸಾಲಿಗೆ ಸುಮಾರು 7 ಮಿಲಿಸೆಕೆಂಡ್. ನಮ್ಮ ಕಣ್ಣಿಗೆ ಅದು ಏನೂ ಅಲ್ಲ. ಆದರೆ ಮಿಲಿಸೆಕೆಂಡಿಗೊಮ್ಮೆ ಮೋಟಾರನ್ನು ಸಂಭಾಳಿಸಬೇಕಾದ ಥ್ರೆಡ್, ನಡುವೆ ನಿಂತು ಆ ಒಂದು ಸಾಲನ್ನು ತಾನೇ ಬರೆದು ಮುಗಿಸಿ ಹೋಗುತ್ತೇನೆಂದರೆ ಏಳು ಸುತ್ತುಗಳು ತಪ್ಪಿಹೋಗುತ್ತವೆ. ‘ನಾನು ಮೋಟಾರನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ’ ಎಂದು ವರದಿ ಮಾಡುವ ಹೊತ್ತಿನಲ್ಲೇ ಮೋಟಾರು ಕೈತಪ್ಪಿರುತ್ತದೆ.

ಅದಕ್ಕೇ ಜೆಫಿರ್‌ನಲ್ಲಿ ಶೆಲ್ಲಿಗೆ ಬೇರೆಯದೇ ಥ್ರೆಡ್ಡು. ಬೇರೆ ಹೇಳದಿದ್ದರೆ ಅದರ ಆದ್ಯತೆ ಅಪ್ಲಿಕೇಶನ್ ಥ್ರೆಡ್‌ಗಳಲ್ಲೆಲ್ಲ ಕಡೆಯದು. ಮಾಡಬೇಕಾದ್ದನ್ನೆಲ್ಲ ಮಾಡಿ ಬಿಡುವಾದಾಗ ಮಾತು. ಫ್ರೀಆರ್‌ಟಿಓಎಸ್‌ನ ಕಮಾಂಡ್ ವ್ಯವಸ್ಥೆಯಲ್ಲಿ ಇನ್ನೂ ಒಂದು ಸೊಗಸಾದ ಕಟ್ಟಳೆಯಿದೆ. ಕಮಾಂಡಿನ ಫಂಕ್ಷನ್ನಿಗೆ ಸಿಗುವುದು ಗಾತ್ರ ಗೊತ್ತುಮಾಡಿದ ಒಂದು ಬಫರು. ಉತ್ತರ ಉದ್ದವಾಗಿದ್ದರೆ ಬಫರಿನಲ್ಲಿ ಹಿಡಿಯುವಷ್ಟನ್ನು ಬರೆದು, ‘ಇನ್ನೂ ಇದೆ’ ಎಂಬ ಸೂಚನೆ ಕೊಟ್ಟು ಫಂಕ್ಷನ್ ಹಿಂದಿರುಗಬೇಕು. ಮತ್ತೆ ಕರೆದಾಗ ಮುಂದಿನ ತುಣುಕು. ಕೊನೆಯಲ್ಲಿ ‘ಮುಗಿಯಿತು’ ಎಂಬ ಸೂಚನೆ. ಎಷ್ಟೇ ಹೇಳುವುದಿದ್ದರೂ ಒಂದೇ ಉಸಿರಿನಲ್ಲಿ ಸುರಿಯುವಂತಿಲ್ಲ. ಸ್ಟ್ಯಾಕಿನ ಮಾತೂ ಇಂಥದೇ. ಶೆಲ್ಲಿನ ಥ್ರೆಡ್ಡಿಗೆ ಇರುವುದೇ ಎರಡು ಮೂರು ಕಿಲೋಬೈಟಿನ ಜಾಗ. ಕಮಾಂಡೊಳಗೆ ಉದಾರವಾಗಿ ಸಾವಿರ ಬೈಟಿನ ಅರೇ ತೆರೆದರೆ, ಉತ್ತರ ಹೇಳಹೊರಟ ಯಂತ್ರ ಉತ್ತರದ ಭಾರಕ್ಕೇ ಕುಸಿಯಬಹುದು.

ಇದರಿಂದ ನಾವು ಕಲಿಯುವುದೇನು? ಉತ್ತರದಾಯಿತ್ವಕ್ಕೂ ಒಂದು ಮಿತಿ ಬೇಕು, ಒಂದು ಹದ ಬೇಕು. ದಿನವಿಡೀ ವರದಿ ಬರೆಯುತ್ತ ಪಾಠ ಮಾಡಲು ಹೊತ್ತಿಲ್ಲದ ಮೇಷ್ಟರನ್ನು, ದಾಖಲೆ ತುಂಬುತ್ತ ರೋಗಿಯ ಮುಖ ನೋಡಲಾಗದ ನರ್ಸನ್ನು ನಾವು ಕಂಡಿದ್ದೇವೆ. ಕೇಳುವವರ ಆತುರಕ್ಕೆ ಮಾಡುವವರ ಕೆಲಸವೇ ಬಲಿಯಾದರೆ ಕೇಳಿದ್ದರ ಫಲವೇನು? ಪ್ರಶ್ನೆಗೆ ತೆರೆದಿರಬೇಕು, ಆದರೆ ಪ್ರಶ್ನೆಯ ಆದ್ಯತೆ ಕೆಲಸದ ಆದ್ಯತೆಗಿಂತ ಒಂದು ಮೆಟ್ಟಿಲು ಕೆಳಗಿರಬೇಕು. ಕೇಳುವವರಿಗೆ ಇದು ಅವಮಾನವಲ್ಲ. ಅವರು ಕೇಳುತ್ತಿರುವುದು ಕೆಲಸದ ಬಗ್ಗೆಯೇ ಆದ್ದರಿಂದ, ಕೆಲಸ ಉಳಿದರೆ ತಾನೆ ಪ್ರಶ್ನೆಗೂ ಅರ್ಥ.

ಉತ್ತರ ನಿಜವಾಗಿರಬೇಕೆಂಬುದು ಮುಂದಿನ ಮಾತು. ಅದನ್ನು ಬೇರೆ ಹೇಳಬೇಕೇ ಎನಿಸಬಹುದು. ಹೇಳಬೇಕು. ಏಕೆಂದರೆ ಸುಳ್ಳಾಡುವ ಉದ್ದೇಶವೇ ಇಲ್ಲದೆ ಸುಳ್ಳಾಗುವ ಉತ್ತರಗಳಿವೆ. 32 ಬಿಟ್ಟಿನ ಪ್ರೊಸೆಸರು 64 ಬಿಟ್ಟಿನ ಅಂಕಿಯನ್ನು ಎರಡು ತುತ್ತಾಗಿ ಓದುತ್ತದೆ. ಮೊದಲ ಅರ್ಧ ಓದಿದ ಮೇಲೆ, ಎರಡನೆಯದನ್ನು ಓದುವ ಮೊದಲು ಬೇರೊಂದು ಥ್ರೆಡ್ ಬಂದು ಅಂಕಿಯನ್ನು ಬದಲಿಸಿದರೆ, ನಮ್ಮ ಕೈಗೆ ಬರುವುದು ಅರ್ಧ ಹಳೆಯದು, ಅರ್ಧ ಹೊಸದು. ಎಂದೂ ಇರದಿದ್ದ ಒಂದು ಅಂಕಿ. ತಾಪವನ್ನು ಒಂದು ಗಳಿಗೆಯಲ್ಲೂ ಬಾಗಿಲ ಸ್ಥಿತಿಯನ್ನು ಇನ್ನೊಂದು ಗಳಿಗೆಯಲ್ಲೂ ಓದಿ ಒಂದೇ ಸಾಲಿನಲ್ಲಿ ಬರೆದರೆ, ಎರಡೂ ನಿಜವೇ ಆದರೂ ಅವು ಒಟ್ಟಾಗಿ ಹೇಳುವ ಕಥೆ ನಿಜವಲ್ಲ. ಬಿಡಿ ಬಿಡಿ ಸತ್ಯಗಳನ್ನು ಬೇರೆ ಬೇರೆ ಗಳಿಗೆಗಳಿಂದ ಆಯ್ದು ಪೋಣಿಸಿ ಕಟ್ಟಿದ ಇಂಥ ಕಥೆಗಳು ನಮ್ಮ ಮಾತುಕತೆಯಲ್ಲಿ, ಸುದ್ದಿಯಲ್ಲಿ, ಜಗಳಗಳಲ್ಲಿ ಎಷ್ಟಿಲ್ಲ?

ಬಲ್ಲವರು ಇದಕ್ಕೆ ಮಾಡುವ ಉಪಾಯ ಸರಳ. ಒಮ್ಮೆಗೆ ಒಂದೇ ಥ್ರೆಡ್ ಹಿಡಿಯಬಹುದಾದ ಮ್ಯೂಟೆಕ್ಸ್ ಎಂಬ ಬೀಗವನ್ನು ಹಿಡಿದು, ಬೇಕಾದ ಅಂಕಿಗಳನ್ನೆಲ್ಲ ಒಮ್ಮೆಗೇ ನಕಲು ಮಾಡಿಕೊಂಡು, ತಕ್ಷಣ ಮ್ಯೂಟೆಕ್ಸ್ ಬಿಟ್ಟುಬಿಡಬೇಕು. ಆಮೇಲೆ ನಕಲನ್ನು ಮುಂದಿಟ್ಟುಕೊಂಡು ನಿಧಾನವಾಗಿ ಬರೆಯಬೇಕು. ಹಿಡಿದುಕೊಂಡೇ ಬರೆಯುತ್ತ ಕುಳಿತರೆ, ಕಡೆಯ ಆದ್ಯತೆಯ ಶೆಲ್ಲಿಗಾಗಿ ಮೊದಲ ಆದ್ಯತೆಯ ಥ್ರೆಡ್ ಬಾಗಿಲಲ್ಲಿ ಕಾಯಬೇಕಾಗುತ್ತದೆ. ನಡುವಿನ ಆದ್ಯತೆಯ ಇನ್ನೊಂದು ಥ್ರೆಡ್ ಬಂದು ಶೆಲ್ಲನ್ನು ಪಕ್ಕಕ್ಕೆ ಸರಿಸಿದರಂತೂ ಕಾಯುವುದು ಎಲ್ಲಿಗೆ ಮುಟ್ಟುತ್ತದೋ ಹೇಳಲಾಗದು. ಆದ್ಯತೆ ಹೀಗೆ ತಲೆಕೆಳಗಾಗುವುದು ಬರಿಯ ಪಠ್ಯಪುಸ್ತಕದ ಮಾತಲ್ಲ. ಭೂಮಿಯಿಂದ ಕೋಟ್ಯಂತರ ಕಿಲೋಮೀಟರ್ ದೂರದಲ್ಲಿ ಅದು ಜಗತ್ತಿನ ಗಮನಕ್ಕೆ ಬಂತು.

1997ರ ಜುಲೈ 4ರಂದು ನಾಸಾದ ಪಾಥ್‌ಫೈಂಡರ್ ನೌಕೆ ಮಂಗಳದಲ್ಲಿ ಇಳಿಯಿತು. ಅದರ ಕಂಪ್ಯೂಟರಿನಲ್ಲಿದ್ದದ್ದು ವಿಎಕ್ಸ್‌ವರ್ಕ್ಸ್ ಎಂಬ ರಿಯಲ್‌ಟೈಮ್ ಆಪರೇಟಿಂಗ್ ಸಿಸ್ಟಮ್. ಕೆಲವೇ ದಿನಗಳಲ್ಲಿ ಅದು ಮತ್ತೆ ಮತ್ತೆ ತಾನಾಗಿ ರೀಸೆಟ್ ಆಗತೊಡಗಿತು. ಹವಾಮಾನದ ಮಾಹಿತಿ ಕೂಡಿಸುವ ಕಡಿಮೆ ಆದ್ಯತೆಯ ಕೆಲಸವೊಂದು ಮ್ಯೂಟೆಕ್ಸ್ ಹಿಡಿದಿರುವಾಗ ನಡುವಿನ ಆದ್ಯತೆಯ ಕೆಲಸಗಳು ಅದನ್ನು ತಡೆಯುತ್ತಿದ್ದವು. ಅದೇ ಮ್ಯೂಟೆಕ್ಸಿಗಾಗಿ ಕಾದ ಹೆಚ್ಚಿನ ಆದ್ಯತೆಯ ಕೆಲಸ ತನ್ನ ಗಡುವಿಗೆ ಮುಗಿಯುತ್ತಿರಲಿಲ್ಲ. ಗಡುವು ತಪ್ಪಿದ್ದನ್ನು ಕಂಡ ವ್ಯವಸ್ಥೆ ಎಲ್ಲವನ್ನೂ ಮೊದಲಿನಿಂದ ಶುರುಮಾಡುತ್ತಿತ್ತು. ಪರಿಹಾರ ಆಗಲೇ ಲೋಕಕ್ಕೆ ತಿಳಿದಿತ್ತು. ಮ್ಯೂಟೆಕ್ಸ್ ಹಿಡಿದವರಿಗೆ ಕಾಯುತ್ತಿರುವವರ ಆದ್ಯತೆಯನ್ನು ತಾತ್ಕಾಲಿಕವಾಗಿ ಕೊಡುವ ಕ್ರಮವನ್ನು ಲೂಯಿ ಶಾ, ರಾಜ್‌ಕುಮಾರ್ ಮತ್ತು ಲೆಹೊಸ್ಕಿ 1990ರ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದರು. ವಿಎಕ್ಸ್‌ವರ್ಕ್ಸ್‌ನಲ್ಲಿಯೂ ಆ ಸೌಲಭ್ಯವಿತ್ತು. ಆ ಒಂದು ಮ್ಯೂಟೆಕ್ಸಿಗೆ ಅದು ಚಾಲೂ ಆಗಿರಲಿಲ್ಲ, ಅಷ್ಟೆ.

ನಮಗೆ ಇಲ್ಲಿ ಮುಖ್ಯವಾದದ್ದು ರೋಗ ಪತ್ತೆಯಾದ ಬಗೆ. ಪ್ರಯೋಗಶಾಲೆಯಲ್ಲಿ ಬಳಸುತ್ತಿದ್ದ ಡಿಬಗ್ ಸೌಲಭ್ಯಗಳನ್ನು ನೌಕೆಯ ಸಾಫ್ಟ್‌ವೇರಿನಿಂದ ಕಿತ್ತುಹಾಕಿರಲಿಲ್ಲ. ಅದು ಅದೃಷ್ಟವಶಾತ್ ಉಳಿದದ್ದಲ್ಲ, ಬೇಕೆಂದೇ ಉಳಿಸಿದ್ದು ಎಂದು ನೌಕೆಯ ಸಾಫ್ಟ್‌ವೇರ್ ತಂಡದ ಮುಖ್ಯಸ್ಥ ಗ್ಲೆನ್ ರೀವ್ಸ್ ಆಮೇಲೆ ಸ್ಪಷ್ಟಪಡಿಸಿದರು. ಹಾರಿಸುವುದನ್ನೇ ಪರೀಕ್ಷಿಸಬೇಕು, ಪರೀಕ್ಷಿಸಿದ್ದನ್ನೇ ಹಾರಿಸಬೇಕು ಎಂಬುದು ಅವರ ತಂಡದ ನಂಬಿಕೆ. ಘಟನೆಗಳನ್ನು ಸಾಲಾಗಿ ದಾಖಲಿಸುವ ಅಂಥ ಒಂದು ಸೌಲಭ್ಯವನ್ನು ಭೂಮಿಯ ಮೇಲಿನ ಪ್ರತಿರೂಪದಲ್ಲಿ ಚಾಲೂ ಮಾಡಿ, ಅದೇ ಸಾಫ್ಟ್‌ವೇರನ್ನು ಓಡಿಸಿ, 18 ಗಂಟೆಯೊಳಗೆ ಅದೇ ರೀಸೆಟ್ಟನ್ನು ಕಣ್ಣೆದುರು ತಂದುಕೊಂಡರು. ಕೇಳಿದರೆ ಹೇಳುವ ಗುಣವನ್ನು ಕಟ್ಟುವಾಗಲೇ ಇಟ್ಟಿದ್ದರಿಂದ, ಮಂಗಳದ ಮೇಲಿನ ಒಗಟಿಗೆ ಭೂಮಿಯಲ್ಲಿ ಉತ್ತರ ಸಿಕ್ಕಿತು.

ಈ ಘಟನೆಯ ಬಗ್ಗೆ ಒಂದು ಕಥೆ ಹಬ್ಬಿದೆ: ಎಂಜಿನಿಯರುಗಳು ಭೂಮಿಯಿಂದಲೇ ನೌಕೆಯ ಶೆಲ್ಲಿಗೆ ಕಮಾಂಡು ಕಳುಹಿಸಿ ಅದನ್ನು ಸರಿಪಡಿಸಿದರು ಎಂಬ ಕಥೆ. ರೀವ್ಸ್ ಅದನ್ನೂ ತಿದ್ದಿದರು. ನೌಕೆಯಲ್ಲಿ ಶೆಲ್ ಇದ್ದದ್ದು ನಿಜ, ಅದು ಬಳಸುವಂತಿದ್ದದ್ದೂ ನಿಜ. ಆದರೆ ತಿದ್ದುಪಡಿಯನ್ನು ಅದರ ಮೂಲಕ ಮಾಡಲಿಲ್ಲ. ಬದಲಾವಣೆಯಿಂದ ಬೇರೇನಾದರೂ ಕೆಡುವುದೇ ಎಂದು ವಿಚಾರ ಮಾಡಿ, ಪರೀಕ್ಷಿಸಿ, ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಕಳುಹಿಸುವ, ಹಲವು ತಪಾಸಣೆಗಳ ಮೂಲಕ ಹಾಯುವ ಬೇರೆಯೇ ವಿಧಾನದಿಂದ ಅದನ್ನು ಮಾಡಿದರು. ಹಬ್ಬಿದ ಕಥೆಗಿಂತ ಈ ನಿಜ ನನಗೆ ಹೆಚ್ಚು ಅರ್ಥಪೂರ್ಣವಾಗಿ ಕಾಣುತ್ತದೆ. ಕೇಳುವ ಬಾಗಿಲನ್ನು ಅವರು ಅಗಲವಾಗಿ ತೆರೆದಿಟ್ಟರು, ಬದಲಿಸುವ ಬಾಗಿಲನ್ನು ಕಿರಿದಾಗಿ ಇಟ್ಟರು. ತಿಳಿಯುವುದಕ್ಕೆ ಸಲಿಗೆ, ತಿದ್ದುವುದಕ್ಕೆ ಸಂಯಮ. ಯಂತ್ರದ ಜೊತೆಗೇ ಆಗಲಿ, ಮನುಷ್ಯರ ಜೊತೆಗೇ ಆಗಲಿ, ಇದಕ್ಕಿಂತ ಒಳ್ಳೆಯ ನಡವಳಿಕೆ ಯಾವುದಿದೆ?

ಶೆಲ್ಲಿನಲ್ಲಿ ಈ ಎರಡು ಬಗೆಯ ಕಮಾಂಡುಗಳೂ ಒಂದೇ ಪ್ರಾಂಪ್ಟಿನ ಮುಂದೆ, ಒಂದೇ ರೂಪದಲ್ಲಿ ನಿಂತಿರುತ್ತವೆ ಎಂಬುದನ್ನು ಮರೆಯಬಾರದು. ತಾಪ ಎಷ್ಟೆಂದು ಕೇಳುವುದೂ ಒಂದು ಸಾಲು, ತಾಪದ ಗಡಿಯನ್ನೇ ಬದಲಿಸುವುದೂ ಒಂದು ಸಾಲು. ಕೇಳಲು ತೆರೆದ ದಾರಿಯಲ್ಲೇ ಕೆಡಿಸುವವರೂ ಬರಬಲ್ಲರು. ನಮ್ಮ ಹಿರಿಯರು ಕೆರೆಯ ಏರಿಯಲ್ಲಿ ತೂಬು ಬಿಟ್ಟರು. ತೂಬಿಲ್ಲದ ಕೆರೆಯ ನೀರು ಗದ್ದೆಗೆ ದಕ್ಕದು. ಆದರೆ ತೂಬನ್ನು ಹೋಗಿಬರುವವರ ಕೈಗೆ ಬಿಡಲಿಲ್ಲ, ಅದಕ್ಕೆ ನೀರುಗಂಟಿಯನ್ನು ಇಟ್ಟರು. ಶೆಲ್ಲಿಗೂ ನೀರುಗಂಟಿ ಬೇಕು.

ಆ ಕಾವಲಿಲ್ಲದಿದ್ದರೆ ಏನಾಗುತ್ತದೆಂದು 2016ರಲ್ಲಿ ಜಗತ್ತು ಕಂಡಿತು. ಮಿರಾಯ್ ಎಂಬ ದುಷ್ಟ ಪ್ರೋಗ್ರಾಮು, ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡು, ದೂರದಿಂದ ಶೆಲ್ಲಿಗೆ ಬರಗೊಡುವ ಟೆಲ್‌ನೆಟ್ ತೆರೆದು ಕುಳಿತಿದ್ದ ಕ್ಯಾಮೆರಾ, ರೌಟರುಗಳನ್ನು ಹುಡುಕಿ ಹುಡುಕಿ ವಶಪಡಿಸಿಕೊಂಡಿತು. ಅವುಗಳಲ್ಲಿ ಹೆಚ್ಚಿನವು ಲಿನಕ್ಸ್ ಮೇಲೆ ಓಡುವಂಥವು. ಆದರೂ ಪಾಠ ಎಲ್ಲ ಪುಟ್ಟ ಯಂತ್ರಗಳಿಗೂ ಒಂದೇ. ಅದೇ ವರ್ಷ ಅಕ್ಟೋಬರ್ 21ರಂದು ಹಾಗೆ ವಶವಾದ ಯಂತ್ರಗಳ ಸೈನ್ಯ, ಜಾಲತಾಣಗಳ ವಿಳಾಸ ತೋರಿಸಿಕೊಡುವ ಡೈನ್ ಎಂಬ ಕಂಪನಿಯ ಸರ್ವರುಗಳ ಮೇಲೆ ಎರಗಿದಾಗ, ಹೆಸರಾಂತ ಜಾಲತಾಣಗಳು ಗಂಟೆಗಟ್ಟಲೆ ಎಷ್ಟೋ ಜನರಿಗೆ ಸಿಗದಾದವು. ಎಲ್ಲ ಯಂತ್ರಕ್ಕೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವುದನ್ನು ಬ್ರಿಟನ್ 2024ರ ಏಪ್ರಿಲ್ 29ರಿಂದ ಕಾನೂನಿನಿಂದಲೇ ನಿಷೇಧಿಸಿದೆ.

ಇದಕ್ಕೆ ಹೆದರಿ ಶೆಲ್ಲನ್ನೇ ತೆಗೆದುಹಾಕೋಣವೇ? ಮಾರುಕಟ್ಟೆಗೆ ಹೋಗುವ ಯಂತ್ರದಲ್ಲಿ ಕಾನ್ಫಿಗರೇಶನ್ನಿನ ಒಂದು ಸಾಲು ಬದಲಿಸಿದರೆ ಶೆಲ್ ಇಲ್ಲವಾಗುತ್ತದೆ. ಎಷ್ಟೋ ಕಡೆ ಅದೇ ಸರಿಯಾದ ನಿರ್ಧಾರವೂ ಹೌದು. ಆದರೆ ಎಲ್ಲ ಬಾಯಿಗಳನ್ನೂ ಮುಚ್ಚಿದ ಯಂತ್ರ ಕೆಟ್ಟ ದಿನ, ಅದು ಏಕೆ ಕೆಟ್ಟಿತೆಂದು ಹೇಳುವವರು ಯಾರು? ವಿವೇಕದ ದಾರಿ ನಡುವೆ ಎಲ್ಲೋ ಇದೆ. ಸ್ಥಿತಿ ಹೇಳುವ ಕಮಾಂಡು ಉಳಿಯಲಿ, ಮೆಮೊರಿಯನ್ನು ಮನಬಂದಂತೆ ಬರೆಯುವ ಕಮಾಂಡು ಪ್ರಯೋಗಶಾಲೆಯಲ್ಲೇ ನಿಲ್ಲಲಿ. ಗಡಿ ಬದಲಿಸುವ ಕಮಾಂಡು ಗುರುತು ಕೇಳಲಿ, ಬದಲಿಸಿದ್ದನ್ನು ದಾಖಲಿಸಲಿ, ಅಸಂಗತವಾದ ಅಂಕಿ ಕೊಟ್ಟರೆ ಒಪ್ಪದಿರಲಿ. ಭಯದಿಂದ ಮೌನವಾಗುವುದೂ ವಿವೇಕವಲ್ಲ, ಸಲಿಗೆಯಿಂದ ಎಲ್ಲವನ್ನೂ ಬಿಟ್ಟುಕೊಡುವುದೂ ವಿವೇಕವಲ್ಲ. ಯಾರಿಗೆ ಎಷ್ಟು ಎಂಬುದನ್ನು ಯೋಚಿಸಿ ನಿರ್ಧರಿಸುವ ಶ್ರಮವನ್ನು ಯಾವ ಕಾನ್ಫಿಗರೇಶನ್ನೂ ನಮ್ಮ ಪರವಾಗಿ ವಹಿಸಿಕೊಳ್ಳದು.

ಇಷ್ಟೆಲ್ಲ ಶ್ರಮ ಯಾರಿಗಾಗಿ? ಕಮಾಂಡು ಬರೆದವರಿಗೆ ಅದರ ಅಗತ್ಯ ಹೆಚ್ಚಿಲ್ಲ. ಕೋಡು ಅವರ ತಲೆಯಲ್ಲೇ ಇರುತ್ತದೆ. ಅದು ಬೇಕಾಗುವುದು ಆಮೇಲೆ ಬರುವವರಿಗೆ. ಐದು ವರ್ಷಗಳ ತರುವಾಯ ಯಾವುದೋ ಆರೋಗ್ಯ ಕೇಂದ್ರದಲ್ಲಿ, ಬರೆದವರ ಹೆಸರೂ ಗೊತ್ತಿಲ್ಲದ ತಂತ್ರಜ್ಞೆಯೊಬ್ಬಳು ಕೇಬಲ್ ಸಿಕ್ಕಿಸಿ ‘ಹೆಲ್ಪ್’ ಎಂದು ಟೈಪ್ ಮಾಡಿದಾಗ ಏನು ಕಾಣುತ್ತದೆ? ಪ್ರತಿ ಕಮಾಂಡಿನ ಮುಂದೆ ಅದು ಏನು ಮಾಡುತ್ತದೆಂಬ ಒಂದು ಸಾಲು ಇದೆಯೇ, ಅಥವಾ ಕಮಾಂಡಿನ ಹೆಸರನ್ನೇ ಮತ್ತೊಮ್ಮೆ ಬರೆದು ಬಿಟ್ಟಿದೆಯೇ? 5.3 ಎಂಬುದರ ಪಕ್ಕದಲ್ಲಿ ಡಿಗ್ರಿ ಎಂದಿದೆಯೇ? ಜೆಫಿರ್‌ನಲ್ಲಿ ಕಮಾಂಡಿಗೆ ಎಷ್ಟು ಆರ್ಗ್ಯುಮೆಂಟ್ ಕಡ್ಡಾಯ, ಎಷ್ಟು ಐಚ್ಛಿಕ ಎಂದು ಮೊದಲೇ ಹೇಳಿಡಬಹುದು. ಲೆಕ್ಕ ತಪ್ಪಿದರೆ ಶೆಲ್ ಆ ಕೆಲಸಕ್ಕೆ ಕೈಹಾಕದೆ, ತಪ್ಪನ್ನೂ ಸರಿಯಾದ ಬಳಕೆಯನ್ನೂ ತಿಳಿಸಿ ಮತ್ತೆ ಕಾಯುತ್ತದೆ. ತಪ್ಪಾಗಿ ಕೇಳಿದವರನ್ನು ಗದರದೆ, ಹೇಗೆ ಕೇಳಬೇಕೆಂದು ತೋರಿಸಿಕೊಡುವ ಈ ಸೌಜನ್ಯ ಯಂತ್ರದ್ದಲ್ಲ. ಎಂದೂ ಭೇಟಿಯಾಗದ ಒಬ್ಬರಿಗಾಗಿ ಇನ್ನೊಬ್ಬರು ತೆಗೆದಿಟ್ಟ ಅಕ್ಕರೆ ಅದು.

ಬೆಂಗಳೂರಿನ ಎಷ್ಟೋ ಕಚೇರಿಗಳಲ್ಲಿ ಕನ್ನಡದ ಹುಡುಗ ಹುಡುಗಿಯರು ಇಂದು ಇದೇ ಬಗೆಯ ಕೋಡು ಬರೆಯುತ್ತಿದ್ದಾರೆ. ಅವರ ಮೇಲಿನ ಒತ್ತಡ ಸಣ್ಣದಲ್ಲ. ಗಡುವು ಹತ್ತಿರವಾದಾಗ ಮೊದಲು ಕೈಬಿಡುವುದು ಇಂಥ ಕೆಲಸವನ್ನೇ: ಯಂತ್ರ ನಡೆದರೆ ಸಾಕು, ಕೇಳಿದರೆ ಹೇಳುವ ಏರ್ಪಾಡನ್ನು ಆಮೇಲೆ ನೋಡೋಣ. ಗಿರಾಕಿಯ ಕಣ್ಣಿಗೆ ಕಾಣದ ಕೆಲಸವಾದ್ದರಿಂದ ಅದಕ್ಕೆ ಮೆಚ್ಚುಗೆಯೂ ಇಲ್ಲ. ಆದರೆ ಮೆಚ್ಚುಗೆಯಿಲ್ಲದ ಕಡೆ ಮಾಡಿದ ಒಳ್ಳೆಯ ಕೆಲಸದಿಂದಲೇ ಒಂದು ಕಸುಬು ಗೌರವಕ್ಕೆ ಪಾತ್ರವಾಗುತ್ತದೆ ಎಂಬುದನ್ನು ಅವರಿಗೆ ಹೇಳಬೇಕಾದವರು ನಾವಲ್ಲವೇ?

ಏಕೆಂದರೆ ಈ ವಿಚಾರ ಚಿಪ್ಪಿನೊಳಗೆ ಮುಗಿಯುವಂಥದಲ್ಲ. ನಾವು ಕಟ್ಟಿಕೊಂಡ ಸರ್ಕಾರವೂ ಬಹುಕಾಲ ಪ್ರಾಂಪ್ಟಿಲ್ಲದ ಯಂತ್ರದಂತೆಯೇ ನಡೆಯಿತು. ಅದಕ್ಕೆ ಕೇಳುವ ದಾರಿಯನ್ನು ಆಮೇಲೆ ಸೇರಿಸಿದೆವು. ಕರ್ನಾಟಕ 2000ದಲ್ಲಿ ತನ್ನದೇ ಮಾಹಿತಿ ಹಕ್ಕು ಕಾನೂನು ಮಾಡಿತು, ದೇಶದ ಕಾನೂನು 2005ರಲ್ಲಿ ಬಂತು. ಅದರ ಕಟ್ಟಳೆಗಳನ್ನು ಗಮನಿಸಿ. ಏಕೆ ಕೇಳುತ್ತೀರೆಂದು ಅರ್ಜಿದಾರರನ್ನು ಪ್ರಶ್ನಿಸುವಂತಿಲ್ಲ. ಉತ್ತರಕ್ಕೆ 30 ದಿನದ ಗಡುವು; ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ. ಕೊಡಬಾರದ ಮಾಹಿತಿ ಯಾವುದೆಂದು ಬರೆದ ಪಟ್ಟಿ. ಪ್ರತಿ ಕಚೇರಿಯಲ್ಲೂ ಉತ್ತರಕ್ಕೆ ಹೊಣೆಯಾದ ಒಬ್ಬ ಅಧಿಕಾರಿ. ಕಾಲದ ಮಿತಿ, ಬಾಗಿಲಿನ ಕಾವಲು, ಅರಿವಿರುವಲ್ಲೇ ಹೊಣೆ: ಪುಟ್ಟ ಚಿಪ್ಪಿಗೆ ಬೇಕಾದದ್ದೇ ದೊಡ್ಡ ನಾಡಿಗೂ ಬೇಕಾಯಿತು. ಕೇಳಿಸಿಕೊಳ್ಳುವ ಶಕ್ತಿಯನ್ನು ಕಟ್ಟುವಾಗಲೇ ಇಡದೆ ಆಮೇಲೆ ಸೇರಿಸಹೊರಟರೆ ಎಷ್ಟು ಹೋರಾಡಬೇಕಾಗುತ್ತದೆ ಎಂಬುದಕ್ಕೂ ಆ ಕಾನೂನಿನ ಹಿಂದಿನ ಜನಚಳವಳಿಗಳೇ ಸಾಕ್ಷಿ.

ಆದ್ದರಿಂದ ಹೊಸದೊಂದನ್ನು ಕಟ್ಟಲು ಕುಳಿತ ದಿನವೇ ಕೇಳಿಕೊಳ್ಳೋಣ: ಇದು ಯಾವುದಕ್ಕಾಗಿ ಇದೆ, ಆ ಉದ್ದೇಶ ನಡೆಯುತ್ತಿದೆಯೇ ಎಂದು ನಾಳೆ ಯಾರಾದರೂ ಕೇಳಿದರೆ ಇದು ಹೇಗೆ ಹೇಳೀತು? ಯಂತ್ರವಾದರೆ ಅದಕ್ಕೊಂದು ಕಮಾಂಡು ಬರೆಯೋಣ. ಸಂಘವೋ, ಶಾಲೆಯೋ, ಸಂಸಾರವೋ ಆದರೆ, ಅಂಜದೆ ಕೇಳುವ ಒಂದು ದಾರಿಯನ್ನು, ತಡಮಾಡದೆ ಹೇಳುವ ಒಂದು ಅಭ್ಯಾಸವನ್ನು ಮೊದಲೇ ಇಡೋಣ. ಕೆಡದ ಯಂತ್ರವನ್ನು ಯಾರೂ ಕಟ್ಟಿಲ್ಲ, ತಪ್ಪದ ಮನುಷ್ಯರೂ ಇಲ್ಲ. ಕೆಟ್ಟಾಗ ಏಕೆ ಕೆಟ್ಟೆ ಎಂದು ಹೇಳಬಲ್ಲದ್ದನ್ನು ಮಾತ್ರ ಮತ್ತೆ ಸರಿಮಾಡಲು ಬರುತ್ತದೆ. ನಮ್ಮ ನಂಬಿಕೆಗೆ ಅರ್ಹವಾದದ್ದೂ ಅದೇ.